ಹೀರೊಗಳು ಬದಲಾದರು, ರಂಗಾರಾವ್ ಅಲ್ಲೇ ಇದ್ದರು

ಪ್ರಶ್ನೆ: ನಾವು ಚಿಂತಾಮಣಿ ಕಡೆಯವರು. ಮನೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತದೆ. ನಮ್ಮ ತಾತನಿಗೆ ಹಳೆಯ ತೆಲುಗು ಸಿನಿಮಾ ಅಂದರೆ ಹುಚ್ಚು. ಟಿವಿಯಲ್ಲಿ 'ಮಾಯಾಬಜಾರ್' ಬಂದರೆ ಊಟ ಬಿಟ್ಟು ಕೂರುತ್ತಾರೆ. ಘಟೋತ್ಕಚ ಬಂದ ಕೂಡಲೇ "ಈತನ ಮುಂದೆ ಎನ್‌ಟಿಆರ್ ಯಾವ ಲೆಕ್ಕ" ಅನ್ನುತ್ತಾರೆ. ಚೆನ್ನೈನಲ್ಲಿರುವ ನನ್ನ ಸ್ನೇಹಿತ ಮಾತ್ರ ಆ ನಟ ತಮಿಳಿನವರೇ ಎಂದು ವಾದ ಮಾಡುತ್ತಾನೆ. ಎಸ್.ವಿ. ರಂಗಾರಾವ್ ನಿಜಕ್ಕೂ ಎಲ್ಲಿಯವರು? ಅಷ್ಟು ದೊಡ್ಡ ನಟ ಆಗಿದ್ದರೆ ಹೀರೊ ಯಾಕೆ ಆಗಲಿಲ್ಲ? ಅವರ ಸಿನಿಮಾ ನೋಡಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ತಾತ ಸ್ವಲ್ಪ ಜಾಸ್ತಿ ಹೇಳಿದ್ದಾರೆ, ಆದರೆ ಸುಮ್ನೆ ಹೇಳಿಲ್ಲ. ನಿಮ್ಮ ಸ್ನೇಹಿತನನ್ನೂ ನಗಬೇಡಿ. ತಮಿಳುನಾಡಿನಲ್ಲಿ ಇವತ್ತಿಗೂ ಎಷ್ಟೋ ಮನೆಗಳಲ್ಲಿ ರಂಗಾರಾವ್ ಅಂದರೆ ತಮಿಳು ಸಿನಿಮಾದ ಅಪ್ಪ. ಅವರ ತಮಿಳು ಕೇಳಿದರೆ ಹಾಗೆ ಅಂದುಕೊಳ್ಳುವುದೇ ಸಹಜ. ಅದಕ್ಕೆ ಕಾರಣ ಅವರ ಬಾಲ್ಯದಲ್ಲೇ ಇದೆ.

ಪೂರ್ತಿ ಹೆಸರು ಸಾಮರ್ಲ ವೆಂಕಟ ರಂಗಾರಾವ್. 1918ರ ಜುಲೈ 3ರಂದು ಕೃಷ್ಣಾ ಜಿಲ್ಲೆಯ ನೂಜಿವೀಡಿನಲ್ಲಿ ಹುಟ್ಟಿದರು. ಹಾಗಾಗಿ ಅಚ್ಚ ತೆಲುಗಿನವರು. ಅಪ್ಪ ಅಬಕಾರಿ ಇಲಾಖೆಯಲ್ಲಿದ್ದರು. ಹುಡುಗ ಬೆಳೆದದ್ದು ಅಜ್ಜಿಯ ಕೈಯಲ್ಲಿ, ಮದ್ರಾಸಿನಲ್ಲಿ. ಓದಿದ್ದು ಟ್ರಿಪ್ಲಿಕೇನಿನ ಹಿಂದೂ ಹೈಸ್ಕೂಲಿನಲ್ಲಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಈ ಮೂರೂ ನಾಲಿಗೆಗೆ ಹತ್ತಿದ್ದು ಆಗಲೇ. ಅವರ ತಮಿಳು ದೊಡ್ಡವರಾದ ಮೇಲೆ ಮೇಷ್ಟ್ರನ್ನಿಟ್ಟು ಕಲಿತ ಭಾಷೆಯಲ್ಲ. ಕೋಲಾರದ ಕಡೆ ಮಕ್ಕಳಿಗೆ ತೆಲುಗು ಹೇಗೆ ಬರುತ್ತದೋ, ಅವರಿಗೆ ತಮಿಳು ಹಾಗೆ ಬಂತು. ನಿಮ್ಮ ಮನೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಕಾಲೇಜು ದಿನಗಳಲ್ಲಿ ಕಾಕಿನಾಡಕ್ಕೆ ಬಂದರು. ಅಲ್ಲಿ 'ಯಂಗ್ ಮೆನ್ಸ್ ಹ್ಯಾಪಿ ಕ್ಲಬ್' ಎಂಬ ನಾಟಕ ತಂಡ ಇತ್ತು. ಮುಂದೆ ಸಿನಿಮಾದಲ್ಲಿ ದೊಡ್ಡ ಹೆಸರು ಮಾಡಿದ ಅಂಜಲಿದೇವಿ, ಅವರ ಪತಿ ಸಂಗೀತ ನಿರ್ದೇಶಕ ಆದಿನಾರಾಯಣರಾವ್ ಕೂಡ ಆ ಬಳಗದವರೇ. ರಂಗಾರಾವ್ ತೆಲುಗು ನಾಟಕಗಳ ಜೊತೆಗೆ ಶೇಕ್ಸ್‌ಪಿಯರನ ಪಾತ್ರಗಳನ್ನೂ ಇಂಗ್ಲಿಷಿನಲ್ಲಿ ಆಡುತ್ತಿದ್ದರು. ಬಿಎಸ್ಸಿ ಮುಗಿದ ಮೇಲೆ ಸೇರಿದ ಕೆಲಸ ಯಾವುದು ಗೊತ್ತೇ? ಅಗ್ನಿಶಾಮಕ ದಳ. ಆಂಧ್ರದ ಬಂದರು (ಮಚಲೀಪಟ್ಟಣ), ವಿಜಯನಗರಂ ಊರುಗಳಲ್ಲಿ ಫೈರ್ ಆಫೀಸರ್ ಆಗಿದ್ದರು. ತೆರೆಯ ಮೇಲೆ ಅವರು ಸಮವಸ್ತ್ರವನ್ನೋ ರಾಜನ ಉಡುಪನ್ನೋ ತೊಟ್ಟು ನಿಂತಾಗ ಒಂದು ನೆಟ್ಟಗಿನ ನಿಲುವು ಕಾಣುತ್ತದೆ. ಅದರಲ್ಲಿ ಈ ನೌಕರಿಯ ಪಾಲೂ ಇರಬೇಕು ಎಂದು ನನ್ನ ಗುಮಾನಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಹೀರೊ ಯಾಕೆ ಆಗಲಿಲ್ಲ? ಆಗಿದ್ದರು! ಶುರು ಮಾಡಿದ್ದೇ ಹೀರೊ ಆಗಿ. 1947ರ 'ವರೂಧಿನಿ'ಯಲ್ಲಿ ಪ್ರವರನ ಪಾತ್ರ. ಅಪ್ಸರೆಯೇ ಮನಸೋಲುವ ಚೆಲುವ ಬ್ರಾಹ್ಮಣ ಯುವಕ ಪ್ರವರ. ನಿರ್ದೇಶಕ ಬಿ.ವಿ. ರಾಮಾನಂದಂ ಅವರ ಸಂಬಂಧಿಕರು. ಚಿತ್ರ ನೆಲಕಚ್ಚಿತು. ಮುಂದೆ ಯಾರೂ ಕರೆಯಲಿಲ್ಲ. ಇದ್ದ ಕೆಲಸವನ್ನೂ ಬಿಟ್ಟು ಬಂದಿದ್ದ ಮನುಷ್ಯ ಹೊಟ್ಟೆಪಾಡಿಗೆ ಜಮ್‌ಷೆಡ್‌ಪುರಕ್ಕೆ ಹೋಗಿ ಟಾಟಾ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಕಥೆ ಅಲ್ಲಿಗೇ ಮುಗಿಯಬಹುದಿತ್ತು.

ಮತ್ತೆ ಕರೆ ಬಂದಾಗ ಸಿಕ್ಕಿದ್ದು ಸಣ್ಣಪುಟ್ಟ ಪಾತ್ರಗಳು. 1949ರ 'ಮನದೇಶಂ', 1950ರ 'ಪಲ್ಲೆಟೂರಿ ಪಿಲ್ಲ'. 'ಮನದೇಶಂ' ಎನ್‌ಟಿಆರ್ ಅವರ ಮೊದಲ ಚಿತ್ರ. ಅಂದರೆ ಎನ್‌ಟಿಆರ್ ಸಿನಿಮಾಕ್ಕೆ ಕಾಲಿಡುವ ಹೊತ್ತಿಗೆ ರಂಗಾರಾವ್ ಒಂದು ಸಲ ಹೀರೊ ಆಗಿ ಸೋತು, ಊರು ಬಿಟ್ಟು, ವಾಪಸ್ ಬಂದಾಗಿತ್ತು. ವಯಸ್ಸು 31. ಎನ್‌ಟಿಆರ್‌ಗಿಂತ 5 ವರ್ಷ ದೊಡ್ಡವರು. ಎತ್ತರದ ಆಳು, ದಪ್ಪ ಮೈಕಟ್ಟು, ಕೊಳದೊಳಗಿಂದ ಬಂದಂಥ ಕಂಠ. ಮರ ಸುತ್ತಿ ಹಾಡುವ ಸರತಿಯಲ್ಲಿ ಇನ್ನು ಜಾಗ ಇರಲಿಲ್ಲ.

ಆದರೆ ಪಕ್ಕದಲ್ಲೇ ಒಂದು ಕುರ್ಚಿ ಖಾಲಿ ಇತ್ತು. ಅಪ್ಪ, ಜಮೀನ್ದಾರ, ಮಾಂತ್ರಿಕ, ರಾಕ್ಷಸ, ಚಕ್ರವರ್ತಿಗಳು ಕೂರುವ ಕುರ್ಚಿ. ರಂಗಾರಾವ್ ಅದರಲ್ಲಿ ಕೂತರು. ಆಮೇಲೆ ಎದುರಿಗೆ ಬಂದವರೆಲ್ಲ ಅವರಿಗಾಗಿ ಎದ್ದು ನಿಲ್ಲಬೇಕಾಯಿತು.

ಕೂರಿಸಿದ್ದು ವಿಜಯಾ ಪ್ರೊಡಕ್ಷನ್ಸ್. ನಾಗಿರೆಡ್ಡಿ ಮತ್ತು ಚಕ್ರಪಾಣಿ ಜೋಡಿಯ ಸಂಸ್ಥೆ. ಅವರ ಮೊದಲ ಚಿತ್ರ 'ಷಾವುಕಾರು' 1950ರಲ್ಲಿ ಬಂತು. ನಿರ್ದೇಶನ ಎಲ್.ವಿ. ಪ್ರಸಾದ್. ಅದರ ನಾಯಕಿಗೆ ಆ ಚಿತ್ರದ ಹೆಸರೇ ಅಂಟಿಕೊಂಡಿತು, ನಮಗೆಲ್ಲ ಗೊತ್ತಿರುವ ಸಾಹುಕಾರ್ ಜಾನಕಿ. ರಂಗಾರಾವ್ ಅದರಲ್ಲಿ ಸುನ್ನಂ ರಂಗಡು ಎಂಬ ಊರ ಪುಂಡ. ಪಾತ್ರ ದೊಡ್ಡದಲ್ಲ, ಆದರೆ ಸಂಸ್ಥೆಯವರ ಕಣ್ಣಿಗೆ ಬಿತ್ತು. ಮರುವರ್ಷವೇ 'ಪಾತಾಳ ಭೈರವಿ'.

ಕೆ.ವಿ. ರೆಡ್ಡಿ ನಿರ್ದೇಶನದ ಈ ಚಿತ್ರದಲ್ಲಿ ಎನ್‌ಟಿಆರ್ ತೋಟ ರಾಮುಡು. ರಂಗಾರಾವ್ ನೇಪಾಳದ ಮಾಂತ್ರಿಕ. ದೇವಿಗೆ ಬಲಿ ಕೊಡಲು ಸಕಲ ಲಕ್ಷಣ ಇರುವ ಯುವಕ ಅವನಿಗೆ ಬೇಕು, ರಾಮುಡುವಿಗೆ ರಾಜಕುಮಾರಿ ಬೇಕು. ಹಾಗಾಗಿ ಆಸೆ ತೋರಿಸಿ ಕರೆದೊಯ್ಯುತ್ತಾನೆ. "ಸಾಹಸಂ ಸೇಯರಾ ಡಿಂಭಕಾ" ಎಂದು ಅವನು ಹುರಿದುಂಬಿಸುವ ಮಾತು ತೆಲುಗಿನಲ್ಲಿ ಗಾದೆಯ ಹಾಗೆ ಆಗಿಬಿಟ್ಟಿದೆ. ಪರೀಕ್ಷೆಗೆ ಹೋಗುವ ಮಗನಿಗೂ ಹೇಳುತ್ತಾರೆ, ಮದುವೆಗೆ ಹೊರಟ ಗೆಳೆಯನಿಗೂ ಹೇಳುತ್ತಾರೆ. ನಿಮ್ಮ ತಾತನ ಬಾಯಲ್ಲೂ ಕೇಳಿರುತ್ತೀರಿ.

ಆ ಮಾಂತ್ರಿಕನನ್ನು ನೋಡುವಾಗ ಒಂದು ವಿಷಯ ಗಮನಿಸಿ. ಗಡ್ಡ, ಪಟ್ಟೆ, ವೇಷ ಎಲ್ಲ ಕಂಪನಿ ನಾಟಕದ್ದೇ. ಮಾತು ಮಾತ್ರ ಹಾಗಲ್ಲ. ಅರಚುವುದಿಲ್ಲ. ಸಂತೆಯಲ್ಲಿ ದನ ಕೊಳ್ಳಲು ಬಂದವನು ಹಲ್ಲು ಎಣಿಸುವ ಹಾಗೆ ರಾಮುಡುವನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಪ್ರೀತಿಯಿಂದಲೇ ಮಾತಾಡುತ್ತಾನೆ. ಆ ಪ್ರೀತಿಗೇ ನಮಗೆ ಮೈ ಜುಮ್ಮೆನ್ನುತ್ತದೆ. ಆಗ ರಂಗಾರಾವ್ ವಯಸ್ಸು ಬರೀ 32.

ಇಲ್ಲಿಂದ ನಾನು ಹೇಳಬೇಕಾದ ಮುಖ್ಯ ವಿಷಯ ಶುರುವಾಗುತ್ತದೆ. ಆ ಕಾಲದಲ್ಲಿ ದಕ್ಷಿಣದ ಸಿನಿಮಾಕ್ಕೆಲ್ಲ ಮದ್ರಾಸೇ ಮನೆ. ನಮ್ಮ ಕನ್ನಡ ಚಿತ್ರಗಳೂ ಹೆಚ್ಚಾಗಿ ಅಲ್ಲೇ ತಯಾರಾಗುತ್ತಿದ್ದವು. ವಿಜಯಾದಂಥ ಸಂಸ್ಥೆಗಳು ಒಂದೇ ಕಥೆಯನ್ನು ತೆಲುಗು, ತಮಿಳು ಎರಡರಲ್ಲೂ ತೆಗೆಯುತ್ತಿದ್ದವು. ಸೆಟ್ ಅದೇ, ಉಡುಪು ಅದೇ. ಒಂದು ಭಾಷೆಯಲ್ಲಿ ಶಾಟ್ ಆದ ಮೇಲೆ ಇನ್ನೊಂದು ಭಾಷೆಯಲ್ಲಿ ತೆಗೆದರೆ ಆಯಿತು. ಆದರೆ ಹೀರೊ ಮಾತ್ರ ಅದೇ ಆಗುವ ಹಾಗಿರಲಿಲ್ಲ. ತಮಿಳು ಪ್ರೇಕ್ಷಕರಿಗೆ ಅವರದೇ ಹೀರೊ ಬೇಕು, ತೆಲುಗಿನವರಿಗೆ ತಮ್ಮದೇ. ಅಪ್ಪನ ವಿಷಯದಲ್ಲಿ ಮಾತ್ರ ಯಾರೂ ಜಗಳ ತೆಗೆಯಲಿಲ್ಲ.

1955ರ 'ಮಿಸ್ಸಮ್ಮ' ನೋಡಿ. ತೆಲುಗಿನಲ್ಲಿ ಎನ್‌ಟಿಆರ್ ಹೀರೊ, ತಮಿಳಿನ 'ಮಿಸ್ಸಿಯಮ್ಮ'ದಲ್ಲಿ ಜೆಮಿನಿ ಗಣೇಶನ್. ಅಕ್ಕಿನೇನಿ ನಾಗೇಶ್ವರರಾವ್ ಮಾಡಿದ ಪತ್ತೇದಾರಿ ಪಾತ್ರ ತಮಿಳಿನಲ್ಲಿ ತಂಗವೇಲುಗೆ ಹೋಯಿತು. ಊರಿನ ಜಮೀನ್ದಾರ ಎರಡರಲ್ಲೂ ರಂಗಾರಾವ್. 1957ರ 'ಮಾಯಾಬಜಾರ್' ನೋಡಿ. ಅಭಿಮನ್ಯು ತೆಲುಗಿನಲ್ಲಿ ಅಕ್ಕಿನೇನಿ, ತಮಿಳಿನಲ್ಲಿ ಜೆಮಿನಿ. ಶಕುನಿ ಅಲ್ಲಿ ಸಿಎಸ್ಆರ್, ಇಲ್ಲಿ ನಂಬಿಯಾರ್. ಬಲರಾಮ ಬದಲಾದ, ಲಕ್ಷ್ಮಣಕುಮಾರ ಬದಲಾದ. ಘಟೋತ್ಕಚ ಬದಲಾಗಲಿಲ್ಲ. (ಸಾವಿತ್ರಿಯೂ ಕೃಷ್ಣನ ಪಾತ್ರದ ಎನ್‌ಟಿಆರ್ ಕೂಡ ಬದಲಾಗಲಿಲ್ಲ, ಅದನ್ನು ಹೇಳದಿದ್ದರೆ ತಾತ ನನ್ನನ್ನು ಬಿಡುವುದಿಲ್ಲ.) ನನ್ನ ಲೆಕ್ಕದಲ್ಲಿ ಹೀರೊ ಆಗದಿದ್ದದ್ದು ರಂಗಾರಾವ್‌ಗೆ ಆದ ನಷ್ಟವಲ್ಲ, ಎರಡು ನಾಡುಗಳ ಬಾಗಿಲು ತೆರೆದದ್ದೇ ಅದು.

ಬಾಗಿಲು ತೆರೆದರೆ ಸಾಲದು, ಒಳಗೆ ಬಂದವನಲ್ಲಿ ಕಸುಬೂ ಇರಬೇಕು. ಕನ್ನಡದವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಕೆ.ಎಸ್. ಅಶ್ವತ್ಥ್ ಮತ್ತು ವಜ್ರಮುನಿ ಇಬ್ಬರೂ ಒಂದೇ ಮೈಯಲ್ಲಿ ಇದ್ದರೆ ಹೇಗಿರುತ್ತದೆ ಯೋಚಿಸಿ. ಬೆಳಿಗ್ಗೆ ಮಗಳ ಮದುವೆಗೆ ಕಣ್ಣೀರು ಹಾಕುವ ಅಪ್ಪ, ಮಧ್ಯಾಹ್ನ ಕೀಚಕ. ನಮ್ಮಲ್ಲಿ ಈ ಎರಡು ಕೆಲಸಕ್ಕೆ ಎರಡು ಬೇರೆ ಬೇರೆ ಮನೆತನಗಳೇ ಇದ್ದ ಹಾಗಿತ್ತು. ಅವರು ಎರಡನ್ನೂ ಒಬ್ಬರೇ ಹೊತ್ತರು.

'ಮಾಯಾಬಜಾರ್' ಬಗ್ಗೆ ಸ್ವಲ್ಪ ನಿಂತು ಮಾತಾಡೋಣ. ಪಾಂಡವರೇ ಕಾಣಿಸದ ಮಹಾಭಾರತ ಅದು. ಸಾಕಷ್ಟು ಕಥೆ ನಡೆದ ಮೇಲೆ ಘಟೋತ್ಕಚ ಬರುತ್ತಾನೆ. ತನ್ನ ಕಾಡಿಗೆ ಯಾರೋ ನುಗ್ಗಿದರು ಎಂದು ಗದೆ ಎತ್ತಿಕೊಂಡು ಅಬ್ಬರಿಸುತ್ತಾನೆ. ಅಭಿಮನ್ಯುವಿನ ಜೊತೆ ಕಾದಾಟವೂ ಆಗುತ್ತದೆ. ಬಂದವಳು ಚಿಕ್ಕಮ್ಮ ಸುಭದ್ರೆ ಎಂದು ಗೊತ್ತಾದ ಕ್ಷಣ ಆ ದೇಹ ಏನಾಗುತ್ತದೆ ನೋಡಿ. ಬೆಟ್ಟದಂಥ ಆಳು ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಕುಗ್ಗುತ್ತಾನೆ. ಆ ಸುಭದ್ರೆ ಋಷ್ಯೇಂದ್ರಮಣಿ. ಎರಡು ವರ್ಷದ ಹಿಂದೆ 'ಮಿಸ್ಸಮ್ಮ'ದಲ್ಲಿ ಅವರು ರಂಗಾರಾವ್‌ಗೆ ಹೆಂಡತಿ! ಈಗ ಚಿಕ್ಕಮ್ಮ. ನೋಡುವವರಿಗೆ ಎಳ್ಳಷ್ಟೂ ಅನುಮಾನ ಬರುವುದಿಲ್ಲ.

ಪಿಂಗಳಿ ನಾಗೇಂದ್ರರಾವ್ ಬರೆದ ಮಾತುಗಳಲ್ಲಿ ಈ ರಾಕ್ಷಸರಿಗೆ ಅವರದೇ ಒಂದು ಭಾಷೆ ಇದೆ. ಹೊಸ ಪದಗಳನ್ನು ಟಂಕಿಸಿ ಆಡುತ್ತಾರೆ. ಇದೆಂಥ ಮಾತು ಎಂಬ ಪ್ರಶ್ನೆ ಎದ್ದಾಗ, ಯಾರೂ ಹುಟ್ಟಿಸದೇ ಹೋದರೆ ಮಾತು ಹುಟ್ಟುವುದು ಹೇಗೆ ಎಂದು ಘಟೋತ್ಕಚ ಗಂಭೀರವಾಗಿ ಹೇಳುತ್ತಾನೆ. ಭಾಷಾಶಾಸ್ತ್ರದ ಮೇಷ್ಟ್ರುಗಳು ಒಂದು ಗಂಟೆ ಪಾಠ ಮಾಡಿ ಹೇಳುವುದನ್ನು ಆ ರಾಕ್ಷಸ ಒಂದು ಉಸಿರಿಗೆ ಹೇಳಿ ಮುಗಿಸುತ್ತಾನೆ. ಅದನ್ನು ನಗಿಸುವ ಮಾತು ಎಂಬ ಹಾಗೆ ಅವರು ಹೇಳುವುದೇ ಇಲ್ಲ. ಪೂರಾ ನಂಬಿ ಹೇಳುತ್ತಾರೆ. ನಗು ಬರುವುದು ಅದಕ್ಕೇ.

ಆಮೇಲೆ ಆ ಊಟದ ಹಾಡು. 'ವಿವಾಹ ಭೋಜನಂಬು'. ತಮಿಳಿನಲ್ಲಿ 'ಕಲ್ಯಾಣ ಸಮೈಯಲ್ ಸಾದಂ'. ನಮ್ಮ ಕಡೆ 'ವಿವಾಹ ಭೋಜನವಿದು' ಎಂದು ಹಾಡಿಕೊಂಡು ಮದುವೆ ಪಂಕ್ತಿಯಲ್ಲಿ ಕೂತವರಿಗೂ ಕೊರತೆ ಇಲ್ಲ. ತೆಲುಗಿನಲ್ಲಿ ಹಾಡಿದ್ದು ಮಾಧವಪೆದ್ದಿ ಸತ್ಯಂ, ತಮಿಳಿನಲ್ಲಿ ತಿರುಚ್ಚಿ ಲೋಗನಾಥನ್. ಲಾಡು ತಾನಾಗಿ ಹಾರಿ ಬಾಯಿಗೆ ಬೀಳುವುದೆಲ್ಲ ಕ್ಯಾಮೆರಾಮನ್ ಮಾರ್ಕಸ್ ಬಾರ್ಟ್ಲಿಯ ಕೈಚಳಕ. ಆದರೆ ತಂತ್ರ ಎಷ್ಟೇ ಇರಲಿ, ಊಟ ಕಂಡ ಖುಷಿಯನ್ನು ಯಾವ ಕ್ಯಾಮೆರಾ ತಾನೇ ಹುಟ್ಟಿಸುತ್ತದೆ? ಹಾಡಿನ ನಡುವಿನ ನಗು ಗಾಯಕರದ್ದು. ಆ ನಗುವಿಗೆ ಹೊಟ್ಟೆ ಕುಣಿಸಿದ್ದು, ಭುಜ ಅಲುಗಿಸಿದ್ದು ರಂಗಾರಾವ್. ಬೇರೆಯವರ ಕಂಠ ಎಂದು ಗೊತ್ತಿದ್ದೂ ನಂಬಲು ಮನಸ್ಸಾಗುವುದಿಲ್ಲ.

ಇಷ್ಟಾದರೂ ಆ ಚಿತ್ರದಲ್ಲಿ ರಂಗಾರಾವ್ ಅವರ ದೊಡ್ಡಸ್ತಿಕೆ ನನಗೆ ಹೆಚ್ಚು ಕಾಣುವುದು ಅವರು ತೆರೆಯ ಮೇಲೆ ಇಲ್ಲದಾಗ. ಘಟೋತ್ಕಚ ಮಾಯೆಯಿಂದ ಬಲರಾಮನ ಮಗಳು ಶಶಿರೇಖೆಯ ರೂಪ ತಾಳಿ ಮದುವೆ ಮನೆ ಸೇರುತ್ತಾನಲ್ಲ, ಆಗ ಕಾಣುವುದು ಸಾವಿತ್ರಿ. ಆದರೆ ಒಳಗಿರುವವನು ಘಟೋತ್ಕಚ. ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಆ ಹುಡುಗಿ ಎದೆ ಸೆಟೆಸುತ್ತಾಳೆ, ಗದೆ ಹಿಡಿದವರ ಹಾಗೆ ಕೈ ತಿರುಗಿಸುತ್ತಾಳೆ, ಮೀಸೆ ಇಲ್ಲದ ಜಾಗದಲ್ಲಿ ಮೀಸೆಯ ಗತ್ತು ತೋರಿಸುತ್ತಾಳೆ. ಮರುಕ್ಷಣ ನಾಚಿದ ಮದುಮಗಳು. 'ಅಹ ನಾ ಪೆಳ್ಳಿಯಂಟ' ಹಾಡು ಪೂರ್ತಿ ಈ ಆಟವೇ. ಸಾವಿತ್ರಿಯ ಜಾಣತನಕ್ಕೆ ಯಾರಾದರೂ ಕೈ ಮುಗಿಯಬೇಕು. ಆದರೆ ಇನ್ನೊಂದು ಕಡೆಯಿಂದ ಯೋಚಿಸಿ. ಇದು ರಂಗಾರಾವ್ ನಿಲುವು, ಇದು ರಂಗಾರಾವ್ ನಡಿಗೆ ಎಂದು ಥಿಯೇಟರಿನಲ್ಲಿ ಕೂತ ಪ್ರತಿಯೊಬ್ಬರಿಗೂ ತಕ್ಷಣ ತಿಳಿಯದಿದ್ದರೆ ಆ ಹಾಡು ನಿಲ್ಲುತ್ತಿತ್ತೇ? ಒಂದು ಪಾತ್ರದ ಮೈಗೆ ಅಷ್ಟು ಸ್ಪಷ್ಟವಾದ ಮೊಹರು ಒತ್ತಿದ್ದರು.

ಕೀಚಕನಿಗೆ ಬರೋಣ. 1963ರ 'ನರ್ತನಶಾಲ', ನಿರ್ದೇಶನ ಕಮಲಾಕರ ಕಾಮೇಶ್ವರರಾವ್. ಎನ್‌ಟಿಆರ್ ಬೃಹನ್ನಳೆ, ಸಾವಿತ್ರಿ ಸೈರಂಧ್ರಿ. ವಿರಾಟಪರ್ವದ ಕಥೆ ನಮ್ಮ ಯಕ್ಷಗಾನದಲ್ಲೂ ಇದೆ, ಕೀಚಕ ಹೇಗೆ ಬರುತ್ತಾನೆ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ರಂಗಾರಾವ್ ಅವನನ್ನು ಒರಟನನ್ನಾಗಿ ಮಾಡಲಿಲ್ಲ. ತಾನು ಕೇಳಿದ್ದು ಸಿಗದೇ ಇರುವುದು ಹೇಗೆ ಎಂದೇ ತಿಳಿಯದ, ಶೋಕಿಯ, ರಸಿಕ ದೊಡ್ಡ ಮನುಷ್ಯನನ್ನಾಗಿ ಮಾಡಿದರು. ಸೈರಂಧ್ರಿಯನ್ನು ಮೊದಲು ಕಂಡಾಗ ಬಿರುಗಣ್ಣು ಬಿಡುವುದಿಲ್ಲ. ಕಣ್ಣು ಅರ್ಧ ಮುಚ್ಚುತ್ತದೆ. ನೋಡುವ ಹೆಂಗಸರಿಗೆ ಅದು ಎಷ್ಟು ಪರಿಚಿತ ನೋಟವೋ! ಅದಕ್ಕೇ ಆ ಕೀಚಕ ಪುರಾಣದಲ್ಲಿ ಉಳಿಯದೆ ನಮ್ಮ ಬೀದಿಗೂ ಬರುತ್ತಾನೆ. ಅವನನ್ನು ಕೊಲ್ಲುವ ಭೀಮ ಯಾರೆಂದರೆ ದಂಡಮೂಡಿ ರಾಜಗೋಪಾಲ್, ನಿಜವಾದ ಭಾರ ಎತ್ತುವ ಪಟು. ರಂಗಾರಾವ್ ಎದುರು ನಿಲ್ಲಲು ಅಂಥವರೇ ಬೇಕಾಯಿತೇನೋ.

ಈ ಪಾತ್ರಕ್ಕೆ ಜಕಾರ್ತದ ಆಫ್ರೋ ಏಷ್ಯನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಹೀರೊ ಎನ್‌ಟಿಆರ್ ಇದ್ದ ಚಿತ್ರದಲ್ಲಿ ಶ್ರೇಷ್ಠ ನಟ ಎಂದು ಕರೆಸಿಕೊಂಡದ್ದು ಅರ್ಧ ದಾರಿಯಲ್ಲೇ ಸಾಯುವ ಕೀಚಕ. ತಾತನ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನಾನು ಕೊಡಲಾರೆ.

ಪುರಾಣದ ಪಟ್ಟಿ ಉದ್ದ ಇದೆ, ಬೇಗ ಹೇಳಿ ಮುಗಿಸುತ್ತೇನೆ. 'ಪಾಂಡವ ವನವಾಸಂ'ನಲ್ಲಿ ದುರ್ಯೋಧನ. ಬಾಪು ಅವರ 'ಸಂಪೂರ್ಣ ರಾಮಾಯಣಂ'ನಲ್ಲಿ ರಾವಣ. 1956ರ 'ಹರಿಶ್ಚಂದ್ರ'ದಲ್ಲಿ ಹರಿಶ್ಚಂದ್ರನೇ, ಅಂದರೆ ಮತ್ತೊಮ್ಮೆ ಕಥಾನಾಯಕ. 1967ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು. ಕನ್ನಡದವರಿಗೆ ಹಿರಣ್ಯಕಶಿಪು ಎಂದರೆ 1983ರ ಚಿತ್ರದ ರಾಜ್‌ಕುಮಾರ್, ಪ್ರಹ್ಲಾದ ಎಂದರೆ ಪುಟ್ಟ ಪುನೀತ್. ಅದು ಮನಸ್ಸಿನಲ್ಲಿ ಕೂತಿರುವಾಗ ರಂಗಾರಾವ್ ಅವರದ್ದನ್ನು ನೋಡುವುದು ಒಂದು ಮಜಾ. ಇಬ್ಬರೂ ಅಬ್ಬರಿಸುತ್ತಾರೆ. ರಂಗಾರಾವ್ ಅಬ್ಬರ ನಿಲ್ಲಿಸಿದ ಮೇಲೆ ಮಗನ ಕಡೆ ಒಮ್ಮೆ ಅಸಹಾಯಕನಾಗಿ ನೋಡುತ್ತಾರಲ್ಲ, ಅಲ್ಲಿ ನನಗೆ ಗಂಟಲು ಕಟ್ಟುತ್ತದೆ.

ಈಗ ನಿಮ್ಮ ಸ್ನೇಹಿತನ ಪಾಲಿನ ರಂಗಾರಾವ್. ತಮಿಳಿನಲ್ಲಿ ಅವರ ಹೆಸರು ಗಟ್ಟಿಯಾದದ್ದು ಕಿರೀಟದಿಂದಲ್ಲ, ಹೆಗಲ ಮೇಲಿನ ಶಲ್ಯದಿಂದ. ನಮ್ಮ ಬಿ.ಆರ್. ಪಂತುಲು ತಮ್ಮ 1958ರ 'ಸಬಾಷ್ ಮೀನಾ'ದಲ್ಲಿ ಇವರನ್ನು ಹಾಕಿಕೊಂಡರು. ಶಿವಾಜಿ, ಚಂದ್ರಬಾಬು, ಬಿ. ಸರೋಜಾದೇವಿ ಇದ್ದ ನಗೆಚಿತ್ರ. ಆದರೆ ತಮಿಳರ ಎದೆಯಲ್ಲಿ ಜಾಗ ಕೊಡಿಸಿದ್ದು ಎ. ಭೀಮ್‌ಸಿಂಗ್ ನಿರ್ದೇಶನದ 'ಪಡಿಕ್ಕಾದ ಮೇದೈ', 1960.

ಓದಿಲ್ಲದ ಮೇಧಾವಿ ಎಂದು ಹೆಸರಿನ ಅರ್ಥ. ದೊಡ್ಡ ಮನೆಯಲ್ಲಿ ಬೆಳೆದ ಅನಾಥ, ಅಕ್ಷರ ಬಾರದ ರಂಗನ್ ಆಗಿ ಶಿವಾಜಿ ಗಣೇಶನ್. ಅವನನ್ನು ಮಗನಂತೆ ಕಂಡ ಯಜಮಾನ ರಂಗಾರಾವ್. ಹಣ ಹೋಗುತ್ತದೆ, ಹೆತ್ತ ಮಕ್ಕಳು ಮುಖ ತಿರುಗಿಸುತ್ತಾರೆ, ರಂಗನ್ ಮಾತ್ರ ಬಿಡುವುದಿಲ್ಲ. ಮನೆಯ ಗಲಾಟೆ ಕೊನೆಗೆ ಅವನನ್ನೇ ಹೊರಗೆ ಕಳಿಸುತ್ತದೆ. ಅವನು ಹೋದ ಮೇಲೆ ಬರುವ ಹಾಡು 'ಎಂಗಿರುಂದೋ ವಂದಾನ್'. ಎಲ್ಲಿಂದಲೋ ಬಂದ, ಗೊಲ್ಲರ ಜಾತಿಯವನು ನಾನೆಂದ, ಎಂದು ಸುಬ್ರಹ್ಮಣ್ಯ ಭಾರತಿ ಕೃಷ್ಣನನ್ನು ಮನೆಯ ಆಳಾಗಿ ಕಂಡು ಬರೆದ ಕವಿತೆ ಅದು. ಶೀರ್ಗಾಳಿ ಗೋವಿಂದರಾಜನ್ ಕಂಠ, ಕೆ.ವಿ. ಮಹದೇವನ್ ಸಂಗೀತ. ತೆರೆಯಲ್ಲಿ ಇರುವುದು ರಂಗಾರಾವ್ ಒಬ್ಬರೇ ಎನ್ನಬೇಕು. ಅವರು ಮಾಡುವುದು ಬಹಳ ಕಡಿಮೆ. ಒಮ್ಮೆ ನೆನಪು ಬಂದು ಮುಖ ಅರಳುತ್ತದೆ, ಅವನಿಲ್ಲ ಎಂದು ಹೊಳೆದು ಆರಿಹೋಗುತ್ತದೆ. ಶಿವಾಜಿಯಂಥ ನಟ ಇರುವ ಚಿತ್ರದಲ್ಲಿ ಶಿವಾಜಿ ಇಲ್ಲದ ದೃಶ್ಯವನ್ನು ಜನ ನೆನಪಿಟ್ಟುಕೊಂಡಿದ್ದಾರೆ. ಇವರಿಬ್ಬರ ನಡುವೆ ವಯಸ್ಸಿನ ಅಂತರ ಬರೀ 10 ವರ್ಷ. ಆ ಮುದಿ ಯಜಮಾನನಿಗೆ ಆಗಿನ್ನೂ 42 ತುಂಬಿರಲಿಲ್ಲ.

ಇನ್ನೊಂದು ತಮಾಷೆ ಇದೆ. ಆ ಅಪ್ಪಟ ತಮಿಳು ಮನೆಯಲ್ಲಿ ಯಜಮಾನ ರಂಗಾರಾವ್, ಯಜಮಾನಿ ಪಿ. ಕಣ್ಣಾಂಬ, ರಂಗನ್‌ನ ಹೆಂಡತಿ ಸಾಹುಕಾರ್ ಜಾನಕಿ. ಮೂವರ ಮನೆಮಾತೂ ತೆಲುಗು! ಎರಡು ವರ್ಷ ಬಿಟ್ಟು ಇದೇ ಕಥೆ ತೆಲುಗಿನಲ್ಲಿ 'ಆತ್ಮಬಂಧುವು' ಆಯಿತು. ಶಿವಾಜಿ ಜಾಗದಲ್ಲಿ ಎನ್‌ಟಿಆರ್ ಬಂದರು. ಅಪ್ಪನ ಜಾಗದಲ್ಲಿ? ಮತ್ತೆ ರಂಗಾರಾವ್. ಎವಿಎಂನ 'ನಾನುಂ ಒರು ಪೆಣ್' 1963ರಲ್ಲಿ ತಮಿಳಿನಲ್ಲಿ ಗೆದ್ದಾಗಲೂ ಅದೇ ಆಯಿತು. ತೆಲುಗಿನ 'ನಾದಿ ಆಡಜನ್ಮೇ'ಯಲ್ಲೂ, ಮೀನಾ ಕುಮಾರಿ ನಟಿಸಿದ ಹಿಂದಿಯ 'ಮೈ ಭೀ ಲಡಕಿ ಹೂಂ'ನಲ್ಲೂ ಇವರಿದ್ದರು. ನಾಯಕ ನಾಯಕಿಯರನ್ನು ಭಾಷೆಗೊಬ್ಬರಂತೆ ಹುಡುಕಿದರು. ಮನೆಯ ಹಿರಿಯನಿಗೆ ಹುಡುಕಾಟವೇ ಇರಲಿಲ್ಲ.

ಕನ್ನಡದ ನಂಟೂ ಒಂದಿದೆ. 1962ರ 'ಗುಂಡಮ್ಮ ಕಥ' ತೆಲುಗಿನ ಅತಿ ಪ್ರೀತಿಯ ಚಿತ್ರಗಳಲ್ಲೊಂದು. ಅದಕ್ಕೆ ಮೂಲ ನಮ್ಮ ಬಿ. ವಿಠ್ಠಲಾಚಾರ್ಯರ ಕನ್ನಡ ಚಿತ್ರ 'ಮನೆ ತುಂಬಿದ ಹೆಣ್ಣು'. ತೆಲುಗಿನಲ್ಲಿ ಎನ್‌ಟಿಆರ್ ಮತ್ತು ಅಕ್ಕಿನೇನಿ ಅಣ್ಣತಮ್ಮಂದಿರು, ರಂಗಾರಾವ್ ಇಬ್ಬರಿಗೂ ಅಪ್ಪ. ಗಯ್ಯಾಳಿ ಗುಂಡಮ್ಮನಾಗಿ ಸೂರ್ಯಕಾಂತಂ. ಇಬ್ಬರು ಮಹಾ ಹೀರೊಗಳು ಒಟ್ಟಿಗಿದ್ದಾಗ ಅವರನ್ನು ಮಕ್ಕಳ ಹಾಗೆ ಆಡಿಸಲು ಗತ್ತಿರುವ ಒಬ್ಬ ಹಿರಿಯ ಬೇಕಲ್ಲ? ಎನ್‌ಟಿಆರ್‌ಗೆ ಆಗ 39, 'ಅಪ್ಪ'ನಿಗೆ 43.

ಎಲ್ಲವೂ ಚಿನ್ನ ಎಂದು ಹೇಳಲಾರೆ. 60ರ ದಶಕದ ಸಾಂಸಾರಿಕ ಚಿತ್ರಗಳಲ್ಲಿ ಒಂದು ಅಚ್ಚು ತಯಾರಾಗಿತ್ತು. ಶ್ರೀಮಂತ ಅಪ್ಪ, ಮಕ್ಕಳ ಮೋಸ, ಕೊನೆಗೆ ಎದೆ ಹಿಡಿದುಕೊಂಡು ಸೋಫಾ ಮೇಲೆ ಕುಸಿಯುವುದು. ಅಂಥ ಪಾತ್ರಗಳು ಬಹಳ ಬಂದವು, ಕೆಲವನ್ನು ಅವರು ಅರ್ಧ ನಿದ್ದೆಯಲ್ಲೇ ಮಾಡಿದ ಹಾಗೆ ಕಾಣುತ್ತದೆ. ಮತ್ತೆ ಎಚ್ಚರವಾದಂತೆ ಕಾಣುವುದು ನಿರ್ದೇಶನಕ್ಕೆ ಇಳಿದಾಗ. 1967ರಲ್ಲಿ 'ಚದರಂಗಂ', 1968ರಲ್ಲಿ 'ಬಾಂಧವ್ಯಾಲು'. ಎರಡನೆಯದು ಅವರೇ ನಟಿಸಿದ್ದ ತಮಿಳಿನ 'ಕಣ್ ಕಂಡ ದೈವಂ' ಕಥೆ. ಎರಡಕ್ಕೂ ಆಂಧ್ರದ ನಂದಿ ಪ್ರಶಸ್ತಿ ಸಿಕ್ಕಿತು. ಆಮೇಲೆ ದಾಸರಿ ನಾರಾಯಣರಾವ್ ಎಂಬ ಹೊಸ ಹುಡುಗ ತನ್ನ ಮೊದಲ ಚಿತ್ರ 'ತಾತಾ ಮನವಡು' ಮಾಡಿದಾಗ ಆ ತಾತನೂ ಇವರೇ.

1974ರ ಜುಲೈ 18ರಂದು ಮದ್ರಾಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗಷ್ಟೇ 56 ತುಂಬಿತ್ತು. 'ಯಶೋದಾ ಕೃಷ್ಣ' ಅವರು ಹೋದ ಮೇಲೆ ತೆರೆಗೆ ಬಂತು. ವಿಶ್ವನಟ ಚಕ್ರವರ್ತಿ ಎಂದು ಜನ ಕರೆದರು. ದಿಲ್ಲಿಯಿಂದ ಪದ್ಮ ಪ್ರಶಸ್ತಿ ಬರಲಿಲ್ಲ. 2013ರಲ್ಲಿ ಭಾರತೀಯ ಸಿನಿಮಾದ ನೂರು ವರ್ಷಕ್ಕೆ ಅಂಚೆ ಇಲಾಖೆ ತಂದ ಚೀಟಿಗಳಲ್ಲಿ ಅವರ ಮುಖ ಇತ್ತು. ಅದಾದರೂ ಆಯಿತಲ್ಲ ಎನ್ನಬೇಕು.

ಇನ್ನು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. 'ಮಾಯಾಬಜಾರ್' ಟಿವಿಯಲ್ಲಿ ಅಲ್ಲಲ್ಲಿ ನೋಡಿದ್ದೀರಿ, ಒಮ್ಮೆ ಮೊದಲಿಂದ ಕೊನೆವರೆಗೆ ನೋಡಿ. 2010ರಲ್ಲಿ ಬಣ್ಣ ಹಾಕಿ ಬಿಡುಗಡೆ ಮಾಡಿದ ಪ್ರತಿ ಇದೆ. ನನ್ನ ಮಾತು ಕೇಳಿದರೆ ಕಪ್ಪು ಬಿಳುಪೇ ನೋಡಿ, ಬಾರ್ಟ್ಲಿಯ ನೆರಳು ಬೆಳಕು ಅದರಲ್ಲೇ ಚೆನ್ನ. ಮಾರನೆಯ ದಿನ 'ಪಾತಾಳ ಭೈರವಿ'. ಆಮೇಲೆ ಅವಸರ ಮಾಡದೆ 'ಬಂಗಾರು ಪಾಪ' ನೋಡಿ. ಅದು ಬಿ.ಎನ್. ರೆಡ್ಡಿ ನಿರ್ದೇಶನದ ಚಿತ್ರ. ಜಾರ್ಜ್ ಎಲಿಯಟ್ ಕಾದಂಬರಿಯೊಂದರ ನೆರಳಲ್ಲಿ ಹೆಣೆದ ಕಥೆ. ಸೇಡಿನಲ್ಲಿ ಕುದಿಯುತ್ತಿದ್ದ ಒರಟ ಕೋಟಯ್ಯನ ಕೈಗೆ ಒಂದು ಅನಾಥ ಮಗು ಬರುತ್ತದೆ. ಅಲ್ಲಿ ಮಾಂತ್ರಿಕನೂ ಇಲ್ಲ, ರಾಜನೂ ಇಲ್ಲ. ಮಗುವನ್ನು ಎತ್ತಿಕೊಳ್ಳಲು ಬಾರದ ಎರಡು ದೊಡ್ಡ ಕೈಗಳಿವೆ. ಅವು ನಿಧಾನಕ್ಕೆ ಕಲಿಯುವುದನ್ನು ನೋಡಬೇಕು.

ಚೆನ್ನೈ ಸ್ನೇಹಿತ ಬಂದಾಗ 'ಪಡಿಕ್ಕಾದ ಮೇದೈ' ಹಾಕಿ, ತಾತನನ್ನೂ ಕೂರಿಸಿ. ಸ್ನೇಹಿತ ನಮ್ಮವರು ಅನ್ನುತ್ತಾನೆ, ತಾತ ನಮ್ಮವರು ಅನ್ನುತ್ತಾರೆ. ಆ ಹಾಡು ಬಂದಾಗ ಇಬ್ಬರೂ ಸುಮ್ಮನಾಗುತ್ತಾರೆ. ಒಂದು ಟವೆಲ್ ಮಾತ್ರ ಹತ್ತಿರ ಇಟ್ಟುಕೊಳ್ಳಿ.